ಅಪ್ಪನಿಗೆ ಗೊತ್ತಿದ್ದ ಡ್ರಾಪ್

ಹೋದ ತಿಂಗಳು ನನ್ನ ಎಡಗಣ್ಣಿನ ಪೊರೆ ತೆಗೆಸಿಕೊಂಡೆ. ನಮ್ಮ ಬೆಳಗಾವಿ ಕಡೆ ಇದಕ್ಕೆ ಮೋತಿಬಿಂದು ಅನ್ನುತ್ತಾರೆ, ಅಂದರೆ ಮುತ್ತಿನ ಹನಿ. ರೋಗಕ್ಕೆ ಇಷ್ಟು ಚೆಂದದ ಹೆಸರಿಟ್ಟವರಿಗೆ ಅದು ಆಗಿರಲಿಕ್ಕಿಲ್ಲ ಬಿಡಿ. ಮುತ್ತನ್ನು ತೆಗೆದ ಮೇಲೆ ವೈದ್ಯರು ಹೆಬ್ಬೆರಳಿನಷ್ಟು ದೊಡ್ಡ ಮೂರು ಬಾಟಲಿ ಕೊಟ್ಟು, ಒಂದನ್ನು ದಿನಕ್ಕೆ ಆರು ಸಲ, ಇನ್ನೊಂದನ್ನು ನಾಲ್ಕು ಸಲ, ಮತ್ತೊಂದನ್ನು ಎರಡು ಸಲ, ಪ್ರತಿ ಸಲವೂ ಒಂದೇ ಒಂದು ಡ್ರಾಪ್ ಎಂದು ಹೇಳಿ ಕಳಿಸಿದರು.

ಹಾಕುವ ಕೆಲಸ ನಮ್ಮ ಮನೆಯವರದು. ಅವರ ಕೈ ಮೊದಲಿನಿಂದಲೂ ಸ್ವಲ್ಪ ನಡುಗುತ್ತದೆ. ಮೊದಲ ಹನಿ ಹುಬ್ಬಿಗೆ, ಎರಡನೆಯದು ಕೆನ್ನೆಗೆ, ಮೂರನೆಯದು ಕಿವಿಯ ಕಡೆ ಹರಿದು ದಿಂಬಿಗೆ ಸೇರುತ್ತದೆ. ಕಣ್ಣಿಗೆ ಬಿದ್ದ ದಿನ ಇಬ್ಬರಿಗೂ ಏನೋ ಗೆದ್ದ ಸಂತೋಷ. ಹಾಕಿಸಿಕೊಂಡ ಮೇಲೆ ಐದು ನಿಮಿಷ ಕಣ್ಣು ಮುಚ್ಚಿ ಮಲಗಬೇಕು. ಟಿಳಕವಾಡಿಯ ನಮ್ಮ ಮನೆಯ ಹೊರಕೋಣೆಯಲ್ಲಿ ಹೀಗೆ ದಿನಕ್ಕೆ ಹನ್ನೆರಡು ಸಲ ಮಲಗಿದರೆ, ಮೂವತ್ತನಾಲ್ಕು ವರ್ಷ ಮಾಸ್ತರಿಕೆ ಮಾಡಿದ ತಲೆ ಸುಮ್ಮನಿರುತ್ತದೆಯೇ? ಕಣ್ಣಿಗೆ ಬಿದ್ದ ಹನಿಯ ಹಿಂದೆಯೇ ಆ ಶಬ್ದವೂ ತಲೆಯೊಳಗೆ ಇಳಿಯತೊಡಗಿತು. ಡ್ರಾಪ್.

ಎಷ್ಟು ಸಲ ಆಡಿದ್ದೇನೆ ನಾನು ಈ ಶಬ್ದವನ್ನು! ಪೋಲಿಯೊ ಭಾನುವಾರಗಳಂದು ಬೂತಿನಲ್ಲಿ ಕೂತು, ಬಾಯಿ ಬಿಡದ ಕೂಸುಗಳ ಗಲ್ಲ ಒತ್ತಿ ಎರಡು ಡ್ರಾಪ್ಸ್ ಹಾಕಿಸಿದ್ದೇನೆ. ಜೂನ್ ತಿಂಗಳಲ್ಲಿ ಶಾಲೆ ಬಿಟ್ಟ ಮಕ್ಕಳ ಪಟ್ಟಿ ಹಿಡಿದು ಓಣಿ ಓಣಿ ತಿರುಗಿದ್ದೇನೆ. ಆ ಪಟ್ಟಿಯ ಮೇಲೆ ಡ್ರಾಪ್ ಔಟ್ ಎಂದೇ ಬರೆದಿರುತ್ತಿತ್ತು. ಒಂದು ಮನೆಯಲ್ಲಿ ಅಜ್ಜಿಯೊಬ್ಬಳು, ‘ಹೋದ ವರ್ಷ ಹಾಕಿಸೇವಲ್ರಿ ಡ್ರಾಪು, ಮತ್ತ ಯಾಕ ಬಂದ್ರಿ’ ಎಂದು ಮೊಮ್ಮಗನನ್ನು ಹಿಂದೆ ಸರಿಸಿಕೊಂಡಿದ್ದಳು. ಮದುವೆಯಲ್ಲಿ ನನ್ನ ಕಿವಿಗೆ ಹಾಕಿದ ತೂಗಾಡುವ ಓಲೆಯೂ ಡ್ರಾಪ್ಸೇ. ನಮ್ಮ ಮನೆಯವರು ಟೀವಿ ಮುಂದೆ ಕೂತು ಹಣೆ ಬಡಿದುಕೊಳ್ಳುವುದೂ ಯಾವನೋ ಒಬ್ಬ ಕ್ಯಾಚು ಡ್ರಾಪ್ ಮಾಡಿದ್ದಕ್ಕೇ. ಒಂದು ಶಬ್ದ ಇಷ್ಟೊಂದು ಮನೆಗೆ ನೆಂಟನಾದರೆ ಯಾವ ಮನೆಯಲ್ಲಿ ಯಾವ ಹೊತ್ತಿಗೆ ಏನು ಎಡವಟ್ಟು ಮಾಡುತ್ತದೋ ಹೇಳಲಾಗದು. ನನ್ನ ಬದುಕಿನಲ್ಲಿ ಅದು ಮಾಡಿದ ಎಡವಟ್ಟನ್ನು ನಿಮಗೆ ಹೇಳಬೇಕು.

ನಮ್ಮದು ಖಾನಾಪುರ. ಅಪ್ಪನದು ಸ್ಟೇಶನ್ ರಸ್ತೆಯಲ್ಲಿ ಸೈಕಲ್ ರಿಪೇರಿ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮರಾಠಿ. ಈ ಕಡೆಯಿಂದ ಆ ಕಡೆಗೆ ದಾಟುವಾಗ ಅಪ್ಪನಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. ಕೆಲಸ ಕಲಿಸಿದ ಉಸ್ತಾದ ಮರಾಠಿಯವನಾದ್ದರಿಂದ, ಎಣ್ಣೆಯ ಹನಿಗೆ ಮಾತ್ರ ಅಪ್ಪನ ಬಾಯಲ್ಲಿ ಕೊನೆಯವರೆಗೂ ಥೆಂಬವೇ ಉಳಿಯಿತು. ರಜೆಯ ದಿನ ನಾನು ಅಂಗಡಿಗೆ ಹೋದರೆ ಉದ್ದ ಕೊಕ್ಕಿನ ಎಣ್ಣೆ ಡಬ್ಬಿ ನನ್ನ ಕೈಗೆ ಕೊಡುತ್ತಿದ್ದ. ಚೈನಿಗೆ ಎರಡೆರಡು ಥೆಂಬ, ಅಷ್ಟೇ. ಹೆಚ್ಚಾದರೆ ಧೂಳು ಹಿಡಿಯುತ್ತದೆ. ನಾನು ಹೆಚ್ಚೇ ಹಾಕುತ್ತಿದ್ದೆ. ಅಪ್ಪ ಬೈಯದೆ ಚಿಂದಿ ಬಟ್ಟೆಯಿಂದ ಒರೆಸುತ್ತಿದ್ದ.

ಡ್ರಾಪ್ ಎಂಬ ಶಬ್ದ ಖಾನಾಪುರಕ್ಕೆ, ಕಡೇಪಕ್ಷ ನಮ್ಮ ಅಂಗಡಿಗೆ, ಬಂದದ್ದು ಒಬ್ಬ ಅಧಿಕಾರಿಯ ಸ್ಕೂಟರಿನ ಮೇಲೆ. ವರ್ಗವಾಗಿ ಬಂದಿದ್ದ ಅವರು ದಾರಿಯಲ್ಲಿ ಪರಿಚಯದವರು ಸಿಕ್ಕರೆ ಸ್ಕೂಟರು ನಿಲ್ಲಿಸಿ, ಬರ್ರಿ, ಡ್ರಾಪ್ ಮಾಡ್ತೀನಿ ಅನ್ನುತ್ತಿದ್ದರು. ಒಂದು ದಿನ ಅಪ್ಪನನ್ನೂ ಮನೆಯವರೆಗೆ ಬಿಟ್ಟರು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟಿದ್ದ ಅಪ್ಪನಿಗೆ ಆ ಶಬ್ದದ ಮೇಲೆ ಬಹಳ ಪ್ರೀತಿ ಹುಟ್ಟಿತು. ಅಂದಿನಿಂದ ತನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಅಪ್ಪನೂ ಊರವರನ್ನೆಲ್ಲ ಡ್ರಾಪ್ ಮಾಡತೊಡಗಿದ. ಪೋಸ್ಟ್‌ಮನ್‌ನ ತಾಯಿ, ಮಾರ್ಕೆಟ್ಟಿನಿಂದ ಬರುವ ಸೂಲಗಿತ್ತಿ, ಒಮ್ಮೆ ಕುಂಟುತ್ತಿದ್ದ ಯಾರದೋ ಮೇಕೆ, ಯಾರನ್ನೂ ಬಿಡಲಿಲ್ಲ. ಅಪ್ಪನಿಗೆ ಗೊತ್ತಿದ್ದದ್ದು ಆ ಒಂದೇ ಡ್ರಾಪ್.

ನಾನು ಪಿಯುಸಿಗೆ ಬೆಳಗಾವಿಯ ಕಾಲೇಜಿಗೆ ಹೋಗುತ್ತಿದ್ದೆ, ದಿನಾ ಬಸ್ಸಿನಲ್ಲಿ. ಎರಡನೆಯ ವರ್ಷ ಗಣೇಶ ಹಬ್ಬ ಮುಗಿದದ್ದೇ ಕಣ್ಣು ಹಳದಿಯಾದವು. ಕಾಮಾಲೆ. ಎರಡು ತಿಂಗಳು ಹಾಸಿಗೆ ಹಿಡಿದೆ. ಎಣ್ಣೆ ಇಲ್ಲ, ಖಾರ ಇಲ್ಲ, ಗಂಜಿ ಮತ್ತು ಅವ್ವ ಎಲ್ಲಿಂದಲೋ ತರಿಸುತ್ತಿದ್ದ ಕಹಿ ಎಲೆಯ ರಸ. ಎದ್ದು ಕೂರುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ಆಮೇಲೂ ಕಾಲೇಜು ಸರಿಯಾಗಿ ಹಿಡಿಯಲಾಗಲಿಲ್ಲ. ಕೆಮಿಸ್ಟ್ರಿ ಪ್ರ್ಯಾಕ್ಟಿಕಲ್ ಬೆಳಗ್ಗೆ ಎಂಟಕ್ಕೆ. ಅದಕ್ಕೆ ಮುಟ್ಟಬೇಕಾದರೆ ಮೊದಲ ಬಸ್ಸು ಹತ್ತಬೇಕು, ಅದರಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕಾಲು ನಡುಗುವ ಹುಡುಗಿ ಅಷ್ಟು ದೂರ ನಿಂತು ಹೋಗುವುದು ಬೇಡ ಎಂದು ಅವ್ವ ಎರಡನೆಯ ಬಸ್ಸಿಗೆ ಕಳಿಸುತ್ತಿದ್ದಳು. ನಾನು ಮುಟ್ಟುವ ಹೊತ್ತಿಗೆ ಹುಡುಗಿಯರು ಲ್ಯಾಬಿನಿಂದ ಹೊರಗೆ ಬರುತ್ತಿದ್ದರು.

ಕೊನೆಗೆ ಇನಾಮದಾರ ಸರ್ ಪಾಲಕರನ್ನು ಕರೆದುಕೊಂಡು ಬಾ ಅಂದರು. ಕೆಮಿಸ್ಟ್ರಿ ಕಲಿಸುತ್ತಿದ್ದ ಅವರು ತೆಳ್ಳಗೆ, ಎತ್ತರಕ್ಕೆ, ಲ್ಯಾಬಿನ ಉದ್ದ ಗಾಜಿನ ಕೊಳವೆ ಬ್ಯುರೆಟ್ಟಿನ ಹಾಗೇ ಇದ್ದರು. ಕಟ್ಟುನಿಟ್ಟಿನ ಮನುಷ್ಯ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಉಗುರಿನ ಸಂದಿಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತಿಕ್ಕಿ ತೊಳೆದುಕೊಂಡು ಬಂದಿದ್ದ. ಸರ್ ಕುಂದರ್ರಿ ಅಂದರೂ ಕುರ್ಚಿಯ ತುದಿಯಲ್ಲೇ ಕೂತ. ನಾನು ಅವನ ಪಕ್ಕ ನಿಂತಿದ್ದೆ.

“ಹುಡುಗಿ ಶಾಣ್ಯಾಕಿ ಅದಾಳ, ಇಲ್ಲನ್ನೂದಿಲ್ಲ,” ಅಂದರು ಸರ್. “ಆದ್ರ ಹಾಜರಿ ಕಮ್ಮಿ ಬಿದ್ದೈತಿ. ಪ್ರ್ಯಾಕ್ಟಿಕಲ್ ಅಂತೂ ಆಗೇ ಇಲ್ಲ. ಮೈಯಾಗ ಶಕ್ತಿನೂ ಕಾಣೂದಿಲ್ಲ. ಈ ವರ್ಷ ಡ್ರಾಪ್ ಮಾಡಿಬಿಡ್ರಿ, ಅದ ಛಲೋ.”

ಅಪ್ಪನ ಮುಖ ಅರಳಿತು. ಏನೋ ದೊಡ್ಡ ಸಂಕಟ ಕೇಳಬೇಕಾಗುತ್ತದೆ ಎಂದು ಬಂದಿದ್ದ ಅವನಿಗೆ ಇಷ್ಟು ಸುಲಭದ ಉಪಾಯ ಸಿಕ್ಕಿತ್ತು.

“ಅಷ್ಟ ಹೌದಿಲ್ರಿ ಸರ್? ಮಾಡ್ತೀನ್ರಿ. ನಾಳಿಂದ ನಾನ ಡ್ರಾಪ್ ಮಾಡ್ತೀನಿ.”

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಸರ್ ಅವರನ್ನು ಕರೆದರು. ನಾಳೆಯಿಂದ ಎಂಬ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ, ಎದ್ದವರೇ ಡ್ರಾವರಿನಿಂದ ಒಂದು ಫಾರ್ಮು ತೆಗೆದು ನನ್ನ ಕೈಗೆ ಕೊಟ್ಟು, ತುಂಬಿ ಅಪ್ಪನ ಸಹಿ ಮಾಡಿಸಿ ತಂದುಕೊಡು ಎಂದು ಹೇಳಿ ಹೊರಗೆ ಹೋದರು. ಈ ವರ್ಷ ಓದು ನಿಲ್ಲಿಸುತ್ತೇವೆ, ಮುಂದಿನ ವರ್ಷ ಮತ್ತೆ ಸೇರುತ್ತೇವೆ ಎಂದು ಪಾಲಕರು ಬರೆದುಕೊಡುವ ಅರ್ಜಿ ಅದು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಹೊರಗೆ ಬಂದ ಮೇಲೆ ಅಪ್ಪ ಅದೇನು ಕಾಗದ ಎಂದು ಕೇಳಿದ. ಹಾಜರಿಯದು ಅಂದೆ. ಅದು ಸುಳ್ಳಲ್ಲ. ಖರೆಯೂ ಅಲ್ಲ.

ನನಗೆ ಆ ಶಬ್ದದ ಎರಡೂ ಅರ್ಥ ಗೊತ್ತಿತ್ತು. ಅಲ್ಲೇ, ಆ ಕುರ್ಚಿಯ ಪಕ್ಕದಲ್ಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಯಾಕೆಂದರೆ ಚಿಕ್ಕಪ್ಪನ ಮಗಳು ಕಸ್ತೂರಿ ಹಿಂದಿನ ವರ್ಷ ಹೀಗೇ ಒಂದು ವರ್ಷಕ್ಕೆಂದು ಸಾಲಿ ಬಿಟ್ಟವಳು ಮತ್ತೆ ಪುಸ್ತಕ ಹಿಡಿಯಲಿಲ್ಲ. ವರ್ಷ ತುಂಬುವುದರೊಳಗೆ ಮದುವೆಯಾಗಿ ಹೋಗಿದ್ದಳು. ನಾನು ಹಾಸಿಗೆಯಲ್ಲಿದ್ದಾಗಲೇ ಸೋದರತ್ತೆ ನೋಡಲು ಬಂದವಳು ಅಡುಗೆಮನೆಯಲ್ಲಿ ಅವ್ವನ ಜೊತೆ ಸಣ್ಣ ದನಿಯಲ್ಲಿ ಬೈಲಹೊಂಗಲದ ಒಂದು ಮನೆತನದ ಮಾತು ತೆಗೆದಿದ್ದು ನನ್ನ ಕಿವಿಗೆ ಬಿದ್ದಿತ್ತು. ಅಪ್ಪನಿಗೆ ಗೊತ್ತಾದರೆ ಕಾಲೇಜಿನವರೇ ಬೇಡ ಅಂದ ಮೇಲೆ ಮುಗಿಯಿತು ಅನ್ನುತ್ತಾನೆ, ಹೇಗೂ ವರ ಸಿದ್ಧ ಇದ್ದಾನೆ, ಎಂದು ನಾನು ಲೆಕ್ಕ ಹಾಕಿಬಿಟ್ಟೆ. ಫಾರ್ಮನ್ನು ಕೆಮಿಸ್ಟ್ರಿ ಜರ್ನಲ್ಲಿನೊಳಗೆ ಇಟ್ಟುಕೊಂಡೆ.

ಮರುದಿನ ಬೆಳಗ್ಗೆ ಆರಕ್ಕೆ ಅಂಗಳದಲ್ಲಿ ಮೊಪೆಡ್ ನಿಂತಿತ್ತು. ಗಿರಾಕಿಯೊಬ್ಬರು ಮಾರಿಕೊಡು ಎಂದು ಅಂಗಡಿಯಲ್ಲಿ ತಂದಿಟ್ಟಿದ್ದ ಮುದಿ ಗಾಡಿ. ನಾನೇ ತಗೊಂಡರೂ ತಗೊಂಡೆ, ಓಡಿಸಿ ನೋಡುತ್ತೇನೆ ಎಂದು ಅಪ್ಪ ಅವರಿಗೆ ಹೇಳಿದ್ದನಂತೆ. ಆ ಓಡಿಸಿ ನೋಡುವುದು ಪರೀಕ್ಷೆ ಮುಗಿಯುವವರೆಗೆ ನಡೆಯಿತು. ಪಾಪ, ಆ ಮಾಲೀಕರು ನಡುನಡುವೆ ಅಂಗಡಿಗೆ ಬಂದು ಹೆಂಗೈತಿ ಎಂದು ಕೇಳಿ ಹೋಗುತ್ತಿದ್ದರು.

ಖಾನಾಪುರದ ಚಳಿ ಬೆಳಗಾವಿಯವರಿಗೆ ಗೊತ್ತಿಲ್ಲ. ಮಲಪ್ರಭೆಯ ಕಡೆಯಿಂದ ಮಂಜು ಎದ್ದು ಬಂದರೆ ಹತ್ತು ಮಾರು ಮುಂದಿನ ಎತ್ತಿನ ಗಾಡಿ ಕಾಣುತ್ತಿರಲಿಲ್ಲ. ಅಪ್ಪ ಅಂಗಿಯೊಳಗೆ ಎದೆಗೆ ಹಳೆಯ ಪೇಪರು ಹರಡಿಕೊಂಡು, ತಲೆಗೆ ಮಫ್ಲರು ಸುತ್ತಿಕೊಂಡು ಕೂರುತ್ತಿದ್ದ. ನನಗೆ ಅವ್ವನ ಶಾಲು. ದೇಸೂರಿನ ಹತ್ತಿರದ ಏರಿನಲ್ಲಿ ಇಬ್ಬರನ್ನು ಹೊತ್ತು ಏರಲು ಮೊಪೆಡ್ ಒಪ್ಪುತ್ತಿರಲಿಲ್ಲ. ನಾನು ಇಳಿದು ನಡೆಯುತ್ತಿದ್ದೆ, ಅಪ್ಪ ಪೆಡಲ್ ತುಳಿಯುತ್ತಿದ್ದ. ಮೇಲೆ ಮುಟ್ಟಿ ಹಿಂದಿರುಗಿ ನೋಡಿದರೆ ಅವನ ಹುಬ್ಬಿನ ಮೇಲೂ ಮೀಸೆಯ ಮೇಲೂ ಮಂಜಿನ ಹನಿ ಸಾಲಾಗಿ ಕೂತಿರುತ್ತಿದ್ದವು. ದಾರಿಯಲ್ಲಿ ನಾವು ಮಾತಾಡುತ್ತಿರಲಿಲ್ಲ. ಗಾಳಿಗೆ ಮಾತು ಕೇಳಿಸುವುದಿಲ್ಲ ಎಂದು ಅವನು ಅಂದುಕೊಂಡಿರಬೇಕು. ನನ್ನ ಕಾರಣ ಬೇರೆ ಇತ್ತು.

ಎಂಟಕ್ಕೆ ಹತ್ತು ನಿಮಿಷ ಇರುವಾಗ ಕಾಲೇಜಿನ ಗೇಟಿನಲ್ಲಿ ಇರುತ್ತಿದ್ದೆವು. ನನ್ನನ್ನು ಬಿಟ್ಟು ಅಪ್ಪ ಸೈಕಲ್ ಸ್ಟ್ಯಾಂಡಿನಲ್ಲಿ ಅರ್ಧ ತಾಸು ಕೂರುತ್ತಿದ್ದ, ಇಂಜಿನ್ ಆರಲಿ ಎಂದು. ಆಮೇಲೆ ಮತ್ತೆ ಖಾನಾಪುರಕ್ಕೆ ಹೋಗಿ ಅಂಗಡಿ ತೆಗೆಯಬೇಕು. ಸುಮ್ಮನೆ ಕೂರುವುದು ಅವನಿಗೆ ಬರುವುದಿಲ್ಲ. ಚೀಲದಲ್ಲಿ ಎಣ್ಣೆ ಡಬ್ಬಿ ಇದ್ದೇ ಇರುತ್ತಿತ್ತು. ಸ್ಟ್ಯಾಂಡಿನಲ್ಲಿ ಒಣಗಿ ಕಿರುಗುಟ್ಟುವ ಚೈನು ಕಂಡರೆ, ಯಾರ ಸೈಕಲ್ಲೋ ಏನೋ, ಎರಡು ಥೆಂಬ ಹಾಕಿ ಪೆಡಲ್ ತಿರುಗಿಸಿ ನೋಡುತ್ತಿದ್ದ. ಯಾರಿಗೂ ಹೇಳುತ್ತಿರಲಿಲ್ಲ.

ಇನಾಮದಾರ ಸರ್ ಫಾರ್ಮು ಕೇಳಿದರು. ಮೊದಲ ಸಲ ಮರೆತು ಬಂದೆ ಅಂದೆ. ಎರಡನೆಯ ಸಲವೂ ಅದನ್ನೇ ಅಂದೆ. ಬೇರೆ ಸುಳ್ಳು ಹೊಳೆಯಲಿಲ್ಲ. ಮೂರನೆಯ ಸಲ ಲ್ಯಾಬಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದರು. ಒಂದು ದಿನವೂ ತಪ್ಪದೆ ಬರುತ್ತಿದ್ದೀ, ಫಾರ್ಮು ಮಾತ್ರ ಕೊಡುವುದಿಲ್ಲ, ನಿಮ್ಮಪ್ಪ ಏನು ಅನ್ನುತ್ತಾರೆ ಎಂದು ಕೇಳಿದರು.

“ಡ್ರಾಪ್ ಮಾಡಾಕ ಬಂದಾರ್ರಿ ಸರ್,” ಅಂದೆ. “ಸೈಕಲ್ ಸ್ಟ್ಯಾಂಡಿನಾಗ ಅದಾರ.”

ಇದನ್ನು ಜಾಣತನದಿಂದ ಹೇಳಿದೆ ಎಂದುಕೊಳ್ಳಬೇಡಿ. ಬಾಯಿಗೆ ಬಂದದ್ದು ಅದೇ. ಸರ್ ನನ್ನನ್ನು ಒಮ್ಮೆ ನೋಡಿ ಸ್ಟ್ಯಾಂಡಿನ ಕಡೆ ನಡೆದರು. ನಾನು ಹಿಂದೆ ಹಿಂದೆ ಹೋದೆ. ಅಪ್ಪ ಒಂದು ಹಳೆಯ ಕಪ್ಪು ಸೈಕಲ್ಲಿನ ಬಾಜು ಕುಕ್ಕರಗಾಲಲ್ಲಿ ಕೂತು ಚೈನಿಗೆ ಎಣ್ಣೆ ಬಿಡುತ್ತಿದ್ದ. ಆ ಸೈಕಲ್ಲು ಇನಾಮದಾರ ಸರ್ ಅವರದೇ ಆಗಿತ್ತು. ಅದು ಅಪ್ಪನಿಗೆ ಗೊತ್ತಿರಲಿಲ್ಲ.

“ಏನ್ರಿ ಯಜಮಾನ್ರ, ಡ್ರಾಪ್ ಮಾಡ್ತೀನಿ ಅಂದಿದ್ರಿ,” ಅಂದರು ಸರ್.

ಅಪ್ಪ ಗಡಬಡಿಸಿ ಎದ್ದು ಕೈ ಒರೆಸಿಕೊಂಡ. “ಮಾಡಾಕತ್ತೀನಲ್ರಿ ಸರ್. ಇವತ್ತಿಗಿ ಮೂರ ವಾರ ಆತು. ಒಂದ ದಿನಾನೂ ತಪ್ಪಿಸಿಲ್ರಿ, ಬೇಕಾದ್ರ ಆಕಿನ್ನ ಕೇಳ್ರಿ.”

ಸರ್ ಮೊಪೆಡ್ ನೋಡಿದರು. ಅಪ್ಪನ ಅಂಗಿಯ ಗುಂಡಿಗಳ ನಡುವೆ ಇಣುಕುತ್ತಿದ್ದ ಪೇಪರು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಎಲ್ಲಿಂದ ಬರುತ್ತೀರಿ ಎಂದು ಕೇಳಿದರು. ಖಾನಾಪುರದಿಂದ ಎಂದ ಅಪ್ಪ. ಇದರ ಮೇಲೆಯೇ? ಹೌದು, ದೇಸೂರಿನ ಏರಿನಲ್ಲಿ ಮಾತ್ರ ಹುಡುಗಿ ಸ್ವಲ್ಪ ಇಳಿಯಬೇಕಾಗುತ್ತದೆ, ಉಳಿದದ್ದೆಲ್ಲ ಆರಾಮ ಎಂದ. ಸರ್ ತಮ್ಮ ಸೈಕಲ್ಲಿನ ಪೆಡಲನ್ನು ಒಮ್ಮೆ ತಿರುಗಿಸಿ ನೋಡಿದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ.

“ಭಾಳ ಛಲೋ ಮಾಡೀರಿ,” ಅಂದರು ಅವರು. “ಪರೀಕ್ಷಾ ಮುಗಿಯೂ ತನಕ ಬಿಡಬ್ಯಾಡ್ರಿ.”

ಲ್ಯಾಬಿಗೆ ಬಂದ ಮೇಲೆ ಕೈ ಚಾಚಿದರು. ಜರ್ನಲ್ಲಿನಿಂದ ಫಾರ್ಮು ತೆಗೆದುಕೊಟ್ಟೆ. ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡರು. ಮತ್ತೆ ಆ ಕಾಗದದ ಮಾತು ಅವರ ಬಾಯಲ್ಲಿ ಬರಲಿಲ್ಲ. ವೈದ್ಯರ ಸರ್ಟಿಫಿಕೇಟು ತರಿಸಿ, ಪ್ರಾಚಾರ್ಯರ ಹತ್ತಿರ ತಾವೇ ಹೋಗಿ ನನ್ನ ಹಾಜರಿಯ ವಿಷಯ ಮಾತಾಡಿದರು. ತಪ್ಪಿಹೋಗಿದ್ದ ಪ್ರಯೋಗಗಳನ್ನು ದಿನಾ ಸಂಜೆ ನಾಲ್ಕರ ಮೇಲೆ ಒಂದೊಂದಾಗಿ ಮಾಡಿಸಿದರು.

ಟೈಟ್ರೇಷನ್ ಮಾಡಿದವರಿಗೆ ಗೊತ್ತು ಅದರ ಕಾಟ. ಬ್ಯುರೆಟ್ಟಿನಿಂದ ದ್ರಾವಣವನ್ನು ಹನಿಹನಿಯಾಗಿ ಕೆಳಗಿನ ಫ್ಲಾಸ್ಕಿಗೆ ಬಿಡಬೇಕು. ಎಷ್ಟೋ ಹೊತ್ತು ಏನೂ ಆಗುವುದಿಲ್ಲ. ಒಂದು ಹನಿ ಬಿದ್ದದ್ದೇ ನೀರಿನಂತಿದ್ದದ್ದು ತಿಳಿ ಗುಲಾಬಿ ಆಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದು ಬಿತ್ತೋ, ಕುಂಕುಮ ಕದಡಿದಂತಾಗಿ ಎಲ್ಲ ಕೆಡುತ್ತದೆ. ಎಣ್ಣೆ ಡಬ್ಬಿ ಹಿಡಿದ ಕಾಲದಿಂದಲೂ ನನ್ನ ಕೈ ಹೆಚ್ಚು ಹಾಕುವ ಕೈ. ನಾಲ್ಕು ಸಂಜೆ ಬರೀ ಕುಂಕುಮವೇ ಆಯಿತು. ಸರ್ ಬೈಯಲಿಲ್ಲ, ಫ್ಲಾಸ್ಕು ತೊಳೆದುಕೊಂಡು ಬಾ ಅನ್ನುತ್ತಿದ್ದರು. ಐದನೆಯ ಸಂಜೆ ಹೇಗೋ ನಲ್ಲಿ ಸರಿಯಾದ ಕ್ಷಣಕ್ಕೆ ನಿಂತಿತು. ಫ್ಲಾಸ್ಕನ್ನು ಬಿಳಿಯ ಹಂಚಿನ ಮೇಲಿಟ್ಟು ಇಬ್ಬರೂ ನೋಡಿದೆವು. ಇದೆಯೋ ಇಲ್ಲವೋ ಎನ್ನುವಂಥ ಗುಲಾಬಿ. ಸರ್ ಬ್ಯುರೆಟ್ಟಿನ ಅಂಕಿ ಓದಿ ಬರೆದುಕೋ ಅಂದರು, ಅಷ್ಟೇ. ಆ ಸಂಜೆ ಬಸ್ಸಿನಲ್ಲಿ ಖಾನಾಪುರದವರೆಗೆ ನಿಂತೇ ಬಂದೆ. ಕಾಲು ನಡುಗಲಿಲ್ಲ.

ಪಾಸಾದೆ. ಬಿ.ಎಸ್ಸಿ, ಬಿ.ಎಡ್ ಆಯಿತು, ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿಯಾದೆ. ಇನಾಮದಾರ ಸರ್ ಬಹಳ ವರ್ಷಗಳ ಹಿಂದೆ ತೀರಿಕೊಂಡರು. ಇಲ್ಲಿಗೆ ಕಥೆ ಮುಗಿಯಿತು ಎಂದೇ ನಾನು ತಿಳಿದಿದ್ದೆ. ಎಷ್ಟು ಸಲ ಹೇಳಿದ್ದೇನೆ ಅಂತೀರಿ! ಸ್ಟಾಫ್ ರೂಮಿನಲ್ಲಿ ಹೊಸಬರು ಯಾರೇ ಬರಲಿ, ಉಪ್ಪಿಟ್ಟಿನ ತಟ್ಟೆ ಕೈಗೆ ಬರುವಷ್ಟರಲ್ಲಿ ನನ್ನ ಡ್ರಾಪ್ ಕಥೆ ಶುರು. ಅಪ್ಪ ಕುರ್ಚಿಯ ತುದಿಗೆ ಕೂತದ್ದನ್ನು ಕೂತು ತೋರಿಸುತ್ತಿದ್ದೆ. ‘ನಾಳಿಂದ ನಾನ ಡ್ರಾಪ್ ಮಾಡ್ತೀನಿ’ ಎಂಬಲ್ಲಿ ಅಪ್ಪನ ದನಿಯನ್ನೇ ತೆಗೆಯುತ್ತಿದ್ದೆ. ವರ್ಷ ವರ್ಷ ಕಥೆಗೆ ಹೊಳಪು ಬಂತು. ದೇಸೂರಿನ ಏರು ಉದ್ದವಾಯಿತು, ಮೊಪೆಡ್ ಮತ್ತಷ್ಟು ಮುದಿಯಾಯಿತು. ಅಪ್ಪನಿಗೆ ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಮುಚ್ಚಿಟ್ಟೆನೆಂದಲ್ಲ, ಹೇಳುವ ಸಂದರ್ಭ ಬರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಹೋದ ವರ್ಷ ನನ್ನ ಬೀಳ್ಕೊಡುಗೆ. ಹಿಂಡಲಗಾ ಕಡೆಯ ನಮ್ಮ ಶಾಲೆಯಲ್ಲಿ ಚಿಕ್ಕ ಸಮಾರಂಭ. ಈಗ ಅಂಗಡಿ ನೋಡಿಕೊಳ್ಳುವ ನನ್ನ ತಮ್ಮ ಖಾನಾಪುರದಿಂದ ಅಪ್ಪನನ್ನೂ ಕರೆದುಕೊಂಡು ಬಂದಿದ್ದ. ಅಪ್ಪನಿಗೆ ಎಂಬತ್ತು ದಾಟಿದೆ, ಕಿವಿ ಇನ್ನೂ ಚುರುಕಾಗಿಯೇ ಇದೆ. ಮೊದಲ ಸಾಲಿನಲ್ಲಿ ಕೂರಿಸಿದ್ದರು. ನನ್ನ ಸರದಿ ಬಂದಾಗ ಯಾರೋ ಹಿಂದಿನಿಂದ ಡ್ರಾಪ್ ಕಥೆ, ಡ್ರಾಪ್ ಕಥೆ ಎಂದು ಕೂಗಿದರು. ಮೈಕು ಕೈಯಲ್ಲಿದ್ದರೆ ನನಗೆ ಬೇಡ ಅನ್ನಲು ಬರುವುದಿಲ್ಲ. ಹೇಳಿದೆ. ಎಲ್ಲ ಅಭಿನಯದ ಸಮೇತ ಹೇಳಿದೆ. ಅಪ್ಪನಿಗೆ ಇಂಗ್ಲಿಷು ಬರದಿದ್ದುದರಿಂದಲೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ ಎಂದು ಮುಗಿಸಿದೆ. ಸಭೆ ನಕ್ಕು ನಕ್ಕು ಚಪ್ಪಾಳೆ ಹೊಡೆಯಿತು. ಆಗ ಮೊದಲ ಸಾಲಿನ ಕಡೆ ನೋಡಿದೆ. ಅಪ್ಪನೂ ನಗುತ್ತಿದ್ದ. ಆದರೆ ಅದು ಎಲ್ಲರೂ ನಗುತ್ತಿದ್ದಾರೆ ಎಂದು ನಗುವ ನಗು, ಸ್ವಲ್ಪ ತಡವಾಗಿ ಬಂದದ್ದು. ಪಕ್ಕದಲ್ಲಿ ಕೂತವರು ಅವನ ಬೆನ್ನು ತಟ್ಟಿ ಏನೋ ಅಂದರು. ಅಪ್ಪ ಮೊಣಕಾಲ ಮೇಲೆ ಊರಿಕೊಂಡಿದ್ದ ಕೈ ಜೋಡಿಸಿದ.

ಊಟದ ಹೊತ್ತಿಗೆ ಹೋಗಿ ಮಾತಾಡಿಸಿದೆ. ಛಲೋ ಮಾತಾಡಿದಿ ಅಂದ. ಮುಖ ಎಂದಿನಂತೆಯೇ ಇತ್ತು. ಆದರೆ ಆಮೇಲೆ ವಾರವಿಡೀ ಫೋನು ಮಾಡಲಿಲ್ಲ. ಎರಡು ದಿನಕ್ಕೊಮ್ಮೆ ಮಾಡುವವನು. ತಮ್ಮನನ್ನು ಕೇಳಿದರೆ, ಆರಾಮ ಅದಾನಕ್ಕಾ, ಆದರೆ ನಿನ್ನೆ ಅಂಗಡಿಯಲ್ಲಿ ಕೂತಲ್ಲೇ ಒಂದು ಮಾತು ಕೇಳಿದ ಅಂದ. ಹಾಗಾದರೆ ನನಗೆ ತಿಳಿದಿಲ್ಲ ಎಂಬುದು ಆ ಸರ್‌ಗೆ ಅವತ್ತೇ ಗೊತ್ತಾಗಿತ್ತೇನು ಎಂದು ಕೇಳಿದನಂತೆ.

ಮೂವತ್ತನಾಲ್ಕು ವರ್ಷ ಮಕ್ಕಳಿಗೆ, ಯಾರನ್ನೂ ನೋಡಿ ನಗಬೇಡಿ ಎಂದು ಹೇಳಿಕೊಟ್ಟವಳು ನಾನು. ಫೋನು ಇಟ್ಟು ಅಲ್ಲೇ ಕೂತೆ. ಮುಂದಿನ ಭಾನುವಾರ ಬೆಳಗ್ಗೆ ಖಾನಾಪುರದ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ತಮ್ಮ ಒಂದು ಚಕ್ರ ಬಿಚ್ಚಿ ಹಾಕಿಕೊಂಡಿದ್ದ. ಅಪ್ಪ ಬಾಗಿಲ ಬಳಿ ಸ್ಟೂಲಿನ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ನಾನು ಬಂದದ್ದಕ್ಕೆ ಅವನಿಗೆ ಅಚ್ಚರಿಯೇನೂ ಆಗಲಿಲ್ಲ. ಇನ್ನೊಂದು ಸ್ಟೂಲು ಎಳೆದು ಕೂತೆ. ಅಪ್ಪಾ, ಎಲ್ಲಾರ ಮುಂದ ನಿನ್ನ ನಗಿಗೀಡು ಮಾಡಿದೆ, ತಪ್ಪಾತು, ಅಂದೆ.

“ನಗಲಿ ಬಿಡು,” ಅಂದ. “ನಾ ಕೇಳಿದ್ರೂ ನಗತಿದ್ದೆ. ಮೇಕಿ ಡ್ರಾಪ್ ಮಾಡಿದಾಂವ ನಾನು.”

ನಗಲು ನೋಡಿದೆ, ಆಗಲಿಲ್ಲ. ಅಪ್ಪ ರಸ್ತೆಯ ಕಡೆ ನೋಡುತ್ತ ಕೂತ. ಒಬ್ಬ ಗಿರಾಕಿ ಬಂದು ತಮ್ಮನ ಹತ್ತಿರ ಗಾಳಿ ಹಾಕಿಸಿಕೊಂಡು ಹೋದ.

“ನಿಮ್ಮಪ್ಪಗ ತಿಳೀಲಿಲ್ಲ, ಅದಕ್ಕ ನಿನ್ನ ಸಾಲಿ ಉಳೀತು ಅಂದೆಲ್ಲ ಅವತ್ತ,” ಅಂದ ಅಪ್ಪ. “ತಿಳಿದಿದ್ರ ನಾ ಏನ ಮಾಡ್ತಿದ್ದೆ ಅಂತ ಅನ್ಕೊಂಡಿದ್ದಿ?”

ಉತ್ತರ ಅವನಿಗೂ ಗೊತ್ತಿತ್ತು.

“ಸಾಲಿ ಬಿಡಿಸಿ ಮದವಿ ಮಾಡ್ತಿದ್ದೆ ಅಂತ. ಹೌದಿಲ್ಲೋ?”

“ಅತ್ತಿ ಬೈಲಹೊಂಗಲದ ಮಾತು ತಂದಿದ್ಳಲ್ಲಪ್ಪಾ.”

“ಅದನ್ನ ನಾ ಕಾಲೇಜಿಗಿ ಬರೂ ಮೊದಲ ಬ್ಯಾಡ ಅಂತ ಹೇಳಿ ಕಳಿಸಿದ್ದೆ. ಹುಡುಗಿ ಓದ್ತಾಳ, ಈಗ ಮಾಡೂದಿಲ್ಲ ಅಂತ. ನಿಮ್ಮತ್ತಿ ಎರಡ ವರ್ಷ ನನ್ನ ಕೂಡ ಮಾತಾಡ್ಲಿಲ್ಲ.”

ಅತ್ತೆ ಆಮೇಲೆ ಎರಡು ವರ್ಷ ನಮ್ಮ ಮನೆಗೆ ಬಾರದಿದ್ದದ್ದು ನನಗೆ ನೆನಪಿತ್ತು. ಯಾಕೆಂದು ನಾನು ಕೇಳಿರಲಿಲ್ಲ. ಬರದಿದ್ದರೆ ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ, ಅಷ್ಟೇ. ನನಗ್ಯಾಕೆ ಹೇಳಲಿಲ್ಲ ಎಂದು ಈಗ ಕೇಳಿದೆ. ಹೇಳುವುದೇನಿತ್ತು, ನೀನು ಓದುತ್ತಿದ್ದೆಯಲ್ಲ ಅಂದ.

ಮತ್ತೆ ಅವನೇ ಮಾತು ತೆಗೆದ. ದನಿಯಲ್ಲಿ ಸಿಟ್ಟಿರಲಿಲ್ಲ.

“ಅಷ್ಟ ದಿನ ನನ್ನ ಹಿಂದ ಹೆದರಕೊಂಡ ಕುಂತ ಬಂದಿ. ನಾ ಥಂಡಿಗೆ ಸುಮ್ಮ ಕುಂತಾಳ ಅಂತ ಗಾಡಿ ಸಾವಕಾಶ ಹೊಡೀತಿದ್ದೆ. ಅದ ನೋಡು ಕಸಿವಿಸಿ ಆಗಾಕತ್ತೈತಿ.” ಆಮೇಲೆ ಅಂದ, “ಗೊತ್ತಿದ್ರೂ ಬರ್ತಿದ್ದೆವ್ವಾ ನಾ.”

ಶಾಲೆಯಲ್ಲಿ ಮಕ್ಕಳೆದುರು, ಸಭೆಯಲ್ಲಿ ಜನರೆದುರು ಎಂದೂ ಬಾರದ ಅಳು ಆ ಸ್ಟೇಶನ್ ರಸ್ತೆಯಲ್ಲಿ, ಹೋಗಿ ಬರುವವರ ಎದುರಿಗೆ ಬಂತು. ಇನಾಮದಾರ ಸರ್ ಒಂದು ಗಳಿಗೆ ನಿಂತು ನೋಡಿ ತಿಳಿದುಕೊಂಡದ್ದನ್ನು ಮಗಳಾದ ನಾನು ನಲವತ್ತು ವರ್ಷ ತಿಳಿದುಕೊಂಡಿರಲಿಲ್ಲ. ಅಪ್ಪನ ಅಜ್ಞಾನಕ್ಕೆ ನಾನು ಕೃತಜ್ಞಳಾಗಿದ್ದೆ, ಅವನಿಗಲ್ಲ. ಅಳುವವರನ್ನು ಸಮಾಧಾನ ಮಾಡುವುದು ಅಪ್ಪನಿಗೆ ಬರುವುದಿಲ್ಲ. ತಮ್ಮನಿಗೆ, ನಿಮ್ಮಕ್ಕಗ ಚಾ ತರಸೋ ಎಂದು ಹೇಳಿ, ಬಿಸಿಲು ನನ್ನ ಮುಖಕ್ಕೆ ಬೀಳದ ಹಾಗೆ ತನ್ನ ಸ್ಟೂಲನ್ನು ಈಚೆ ಸರಿಸಿಕೊಂಡು ಕೂತ.

ಅವತ್ತು ಊಟ ಮಾಡಿ, ಸಂಜೆಯವರೆಗೂ ಅಂಗಡಿಯಲ್ಲೇ ಇದ್ದೆ. ಮಾತು ಆ ವಿಷಯಕ್ಕೆ ಮತ್ತೆ ಹೋಗಲಿಲ್ಲ. ಈಗಲೂ ಶಾಲೆಯವರು ಯಾರಾದರೂ ಮನೆಗೆ ಬಂದರೆ ಆ ಕಥೆ ಹೇಳು ಅನ್ನುತ್ತಾರೆ. ಹೇಳುತ್ತೇನೆ. ಅವರು ನಗುವ ಜಾಗದಲ್ಲಿ ನಕ್ಕು ಎದ್ದು ಹೊರಡಲು ನೋಡುತ್ತಾರೆ. ಇನ್ನೂ ಮುಗಿದಿಲ್ಲ ಕೂತುಕೊಳ್ಳಿ ಎಂದು, ಅವರನ್ನು ಖಾನಾಪುರದ ಅಂಗಡಿಯ ಬಾಗಿಲವರೆಗೆ ಕರೆದುಕೊಂಡು ಹೋಗುತ್ತೇನೆ.